ಉದ್ಧಾರದ ನಿರೀಕ್ಷೆಯೂ ಅಂತಃಪರಿವರ್ತನವೂ

ರೋಮ್ ಸಾಮ್ರಾಜ್ಯದ ಆಳ್ವಿಕೆಯ ಕೆಳಗೆ ಯೆಹೂದ್ಯರ ನಾಡು ನಲುಗುತ್ತಿದ್ದ ಕಾಲದಲ್ಲಿ, ತೆರಿಗೆಯ ಭಾರದಿಂದಲೂ ಪರಕೀಯ ಸೈನಿಕರ ದರ್ಪದಿಂದಲೂ ಬೇಸತ್ತ ಜನರು, ದಾವೀದನ ವಂಶದಲ್ಲಿ ಹುಟ್ಟಿ ಬಂದು ಶತ್ರುವನ್ನು ಹೊಡೆದೋಡಿಸಿ ತಮ್ಮನ್ನು ಬಿಡಿಸತಕ್ಕ ಅಭಿಷಿಕ್ತನೊಬ್ಬನ ದಾರಿ ನೋಡುತ್ತಿದ್ದಾಗ, ಫರಿಸಾಯರು ಯೇಸುವಿನ ಬಳಿಗೆ ಬಂದು ದೇವರ ರಾಜ್ಯವು ಯಾವಾಗ ಬರುವುದೆಂದು ಕೇಳಿದರೆಂಬ ಸಂಗತಿ ಲೂಕನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಬರುತ್ತದೆ. ಆತನು ದಿನವನ್ನೂ ಹೇಳಲಿಲ್ಲ, ಸ್ಥಳವನ್ನೂ ಹೇಳಲಿಲ್ಲ. ಹೊರಗಣ ಲಕ್ಷಣಗಳನ್ನು ಎಣಿಸುತ್ತ ಕುಳಿತವರ ಕಣ್ಣಿಗೆ ಅದು ಬೀಳತಕ್ಕದ್ದಲ್ಲ, ಅದನ್ನು ನಿಮ್ಮ ಒಳಗೇ ಅರಸಿಕೊಳ್ಳಿರಿ ಎಂಬುದು ಆತನಿತ್ತ ಉತ್ತರದ ತಾತ್ಪರ್ಯ. ಕೇಳಿದವರಿಗೆ ಇದರಿಂದ ತೃಪ್ತಿಯಾಗಿರಲಾರದು. ಏಕೆಂದರೆ ಅವರು ಬಯಸಿದ್ದು ಒಂದು ಸುದ್ದಿಯನ್ನು, ದೊರೆತದ್ದು ಒಂದು ಹೊಣೆ.

ಅಂದಿನಿಂದ ಕ್ರೈಸ್ತ ಸಮಾಜದ ಚರಿತ್ರೆಯಲ್ಲಿ ಎರಡು ಮನೋಧರ್ಮಗಳು ಜೊತೆಜೊತೆಯಾಗಿ ನಡೆದುಬಂದಿವೆ. ಲೋಕದ ಕೇಡನ್ನೆಲ್ಲ ಒಂದೇ ಪೆಟ್ಟಿಗೆ ಹರಿಸತಕ್ಕ ರಕ್ಷಕನು ಮೇಲಿನಿಂದ ಇಳಿದು ಬರುವನೆಂದು ಕಾದು ಕುಳಿತುಕೊಳ್ಳುವುದು ಒಂದು. ಆ ರಕ್ಷಕನು ಈಗಾಗಲೇ ಬಂದು ಕೊಟ್ಟು ಹೋದ ಪ್ರೀತಿಯು ತನ್ನ ಅಂತಃಕರಣವನ್ನು ಮಾರ್ಪಡಿಸುವಂತೆ, ಅದರ ಮೂಲಕ ತನ್ನ ಮನೆಯನ್ನೂ ವ್ಯಾಪಾರವನ್ನೂ ನೆರೆಹೊರೆಯನ್ನೂ ಮಾರ್ಪಡಿಸುವಂತೆ ತನ್ನನ್ನು ಒಪ್ಪಿಸಿಕೊಡುವುದು ಇನ್ನೊಂದು. ಪುನರಾಗಮನದ ವಿಶ್ವಾಸವು ಸಭೆಯ ಪ್ರಾಚೀನ ವಿಶ್ವಾಸಪ್ರಮಾಣಗಳಲ್ಲಿಯೇ ಇದೆಯೆಂಬುದನ್ನು ನಾನು ಬಲ್ಲೆ, ಅದನ್ನು ಅಲ್ಲಗಳೆಯುವ ಉದ್ದೇಶ ಈ ಲೇಖನಕ್ಕಿಲ್ಲ. ಆದರೆ ಆ ನಿರೀಕ್ಷೆಯು ಇಂದು ಮಾಡಬೇಕಾದ ಪ್ರೀತಿಯ ಕಾರ್ಯವನ್ನು ನಾಳೆಗೆ ತಳ್ಳಲು ನೆಪವಾದಾಗ, ಹೊರಗೆ ಭಕ್ತಿಯ ವೇಷವನ್ನು ಧರಿಸಿದ್ದರೂ ಅದು ವಿಶ್ವಾಸದ ವೈರಿಯೇ ಆಗುತ್ತದೆಂಬುದು ನನ್ನ ವಾದ.

ಈ ತೊಡಕು ಹೊಸದಲ್ಲ. ಕ್ರಿಸ್ತನು ಶಿಲುಬೆಗೇರಿ ಒಂದು ತಲೆಮಾರು ಕಳೆಯುವುದರೊಳಗಾಗಿ, ಮಕೆದೋನ್ಯದ ರೇವುಪಟ್ಟಣವಾದ ಥೆಸಲೊನೀಕದ ಸಭೆಯಲ್ಲಿ, ಪ್ರಭುವಿನ ದಿನವು ಬಂದೇಬಿಟ್ಟಿತೆಂಬ ತಳಮಳ ಹಬ್ಬಿತ್ತು. ಅದೇ ಸಭೆಯಲ್ಲಿ ಕಸುಬನ್ನು ಬಿಟ್ಟು ಪರರ ಅನ್ನಕ್ಕೆ ಕೈಯೊಡ್ಡಿ ಸುಮ್ಮನೆ ಅಲೆಯುತ್ತಿದ್ದವರೂ ಇದ್ದರು. ಆ ಸಭೆಗೆ ಹೋದ ಪತ್ರಗಳಲ್ಲಿ ದುಡಿಯಲೊಲ್ಲದವರ ವಿಷಯದಲ್ಲಿ ಕಂಡುಬರುವ ಕಟುನಿಷ್ಠುರತೆಯನ್ನು ಓದಿದವರಿಗೆ, ಗುಡಾರದ ಕಸುಬಿನಿಂದ ಜೀವಿಸುತ್ತಿದ್ದ ಅಪೊಸ್ತಲನಾದ ಪೌಲನ ಮನಸ್ಸು ಯಾವ ಕಡೆಗಿತ್ತೆಂಬುದು ತಾನಾಗಿಯೇ ತಿಳಿಯುತ್ತದೆ.

ಹದಿನೆಂಟು ಶತಮಾನಗಳ ತರುವಾಯ ಇದೇ ತಳಮಳವು ಅಮೆರಿಕದ ಈಶಾನ್ಯ ಭಾಗದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ನ್ಯೂಯಾರ್ಕ್ ಸಂಸ್ಥಾನದ ಲೋ ಹ್ಯಾಂಪ್ಟನ್ ಎಂಬ ಹಳ್ಳಿಯ ಬೇಸಾಯಗಾರನಾದ ವಿಲಿಯಂ ಮಿಲ್ಲರ್ ಎಂಬಾತನು ಸುಳ್ಳುಗಾರನೂ ಅಲ್ಲ, ಹಣದಾಸೆಯವನೂ ಅಲ್ಲ. 1812ರ ಯುದ್ಧದಲ್ಲಿ ಕಾದಾಡಿ ಬಂದು, ನಿರೀಶ್ವರತ್ವಕ್ಕೆ ಸಮೀಪವಾದ ತರ್ಕವಾದದಿಂದ ಬೇಸರಗೊಂಡು, ಶಾಸ್ತ್ರಗ್ರಂಥವನ್ನು ವರ್ಷಗಟ್ಟಲೆ ಏಕಾಂತದಲ್ಲಿ ಅಭ್ಯಾಸಮಾಡಿದವನು. ದಾನಿಯೇಲನ ಗ್ರಂಥದಲ್ಲಿ ಬರುವ 2300 ದಿನಗಳನ್ನು ಅಷ್ಟೇ ಸಂಖ್ಯೆಯ ವರ್ಷಗಳೆಂದು ತೆಗೆದುಕೊಂಡು, ಕ್ರಿಸ್ತಪೂರ್ವ 457ರಿಂದ ಎಣಿಸಿ, 1843ರ ಸುಮಾರಿಗೆ ಪ್ರಭುವಿನ ಪುನರಾಗಮನವಾಗುವುದೆಂದು ಆತನು ನಿರ್ಣಯಿಸಿದನು. ಆ ಅವಧಿ ಕಳೆದುಹೋಗಲಾಗಿ ಆತನ ಅನುಯಾಯಿಗಳಲ್ಲೊಬ್ಬನು ಲೆಕ್ಕವನ್ನು ತಿದ್ದಿ 1844ನೆಯ ಅಕ್ಟೋಬರ್ 22ನೆಯ ದಿನವನ್ನು ಗೊತ್ತುಮಾಡಿದನು. ಸಹಸ್ರಾರು ಜನ ಅದನ್ನು ನಂಬಿದರು. ಕೆಲವರು ಹೊಲದಲ್ಲಿ ಬಲಿತ ಆಲೂಗಡ್ಡೆಯನ್ನು ಅಗೆಯದೆ ಬಿಟ್ಟರು, ಕೆಲವರು ಅಂಗಡಿಗಳನ್ನು ಮುಚ್ಚಿದರು. ಆ ದಿನವು ಬಂತು, ರಾತ್ರಿ ಕಳೆಯಿತು, ಮರುದಿನದ ಸೂರ್ಯನು ಎಂದಿನಂತೆ ಮೂಡಿದನು. ಬೆಳಗಾಗುವವರೆಗೂ ಅತ್ತವರ ನೆನಪುಗಳು ದಾಖಲೆಯಾಗಿ ಉಳಿದಿವೆ. ಅವರ ಅಳುವನ್ನು ನೋಡಿ ನಗುವುದು ಸಜ್ಜನರ ಲಕ್ಷಣವಲ್ಲ.

ನನ್ನ ಮನಸ್ಸನ್ನು ಕಲಕುವುದು ಅವರ ಎಣಿಕೆ ತಪ್ಪಿತೆಂಬುದಲ್ಲ. ಆ ಚಳವಳಿಯ ಪ್ರಮುಖ ಬೋಧಕರಲ್ಲಿ ಒಬ್ಬನಾದ ಚಾರ್ಲ್ಸ್ ಫಿಚ್ ಎಂಬಾತನು ಕೆಲವೇ ವರ್ಷಗಳ ಹಿಂದೆ, 1837ರಲ್ಲಿ, ಗುಲಾಮಗಿರಿಯನ್ನು ಖಂಡಿಸಿ ನಿರ್ಭಯವಾದ ಪುಸ್ತಿಕೆಯೊಂದನ್ನು ಬರೆದಿದ್ದನು. ಆಮೇಲೆ ಆತನ ವಾಗ್ವೈಖರಿಯೂ ಪ್ರಾಣಶಕ್ತಿಯೂ ಬಹುಮಟ್ಟಿಗೆ ಬರಲಿರುವ ದಿನದ ಘೋಷಣೆಗೆ ಮೀಸಲಾದುವು. ಗೊತ್ತುಮಾಡಿದ ದಿನಕ್ಕೆ ಎಂಟು ದಿನಗಳ ಮುಂಚೆ ಆತನು ಜ್ವರದಿಂದ ತೀರಿಕೊಂಡನು. ಲೋಕವೇ ಮುಗಿಯತಕ್ಕದ್ದಾದರೆ ಗುಲಾಮನ ಸಂಕೋಲೆಯನ್ನು ಬೇರೆಯಾಗಿ ಕಡಿಯುವ ಶ್ರಮವೇಕೆ ಎಂಬ ಯೋಚನೆಯು ಎಷ್ಟೋ ಸಹೃದಯರ ಮನಸ್ಸಿನಲ್ಲಿ ಅವರಿಗೆ ಅರಿವಿಲ್ಲದೆಯೇ ಮನೆಮಾಡಿರಬೇಕು. ಹೊರಗಿನ ಉದ್ಧಾರದ ನಿರೀಕ್ಷೆಗೆ ತೆರಬೇಕಾಗಿ ಬರುವ ನಿಜವಾದ ಬೆಲೆ ಇದು. ಅದನ್ನು ತೆತ್ತವನು ಕಾಯುತ್ತ ಕುಳಿತವನಲ್ಲ, ಸಂಕೋಲೆಯಲ್ಲಿದ್ದವನು.

ಅದೇ ನಾಡಿನಲ್ಲಿ, ಆ 1844ಕ್ಕೆ ಎಂಬತ್ತಾರು ವರ್ಷಗಳ ಹಿಂದೆ ಬೇರೊಂದು ಬಗೆಯ ಕ್ರೈಸ್ತ ಜೀವನಕ್ಕೆ ಉಜ್ಜ್ವಲವಾದ ನಿದರ್ಶನವೊಂದು ದೊರೆತಿತ್ತು. ಅದಕ್ಕೆ ಕಾರಣನಾದ ಜಾನ್ ವುಲ್ಮನ್ ಎಂಬಾತನ ಹೆಸರು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲವಾದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನ್ಯೂ ಜೆರ್ಸಿ ಪ್ರಾಂತದ ಬರ್ಲಿಂಗ್ಟನ್ ಸೀಮೆಯಲ್ಲಿ, ಕ್ವೇಕರ್ ಪಂಥದ ಒಕ್ಕಲು ಮನೆತನದಲ್ಲಿ, 1720ರಲ್ಲಿ ಆತನು ಹುಟ್ಟಿದನು. ತನ್ನ ದಿನಚರಿಯಲ್ಲಿ ಆತನು ಬಾಲ್ಯದ ಘಟನೆಯೊಂದನ್ನು ಬರೆದಿಟ್ಟಿದ್ದಾನೆ. ನೆರೆಮನೆಗೆ ಹೋಗುವ ದಾರಿಯಲ್ಲಿ ಗೂಡಿನ ಮೇಲೆ ಕುಳಿತಿದ್ದ ಹಕ್ಕಿಯೊಂದು ಇವನನ್ನು ಕಂಡು ಎದ್ದು, ಮರಿಗಳ ಮೇಲಣ ಮಮತೆಯಿಂದ ಕೂಗುತ್ತ ಅಲ್ಲಲ್ಲಿಯೇ ಸುಳಿದಾಡುತ್ತಿರಲು, ಇವನು ಕಲ್ಲೆಸೆದನು; ಹಕ್ಕಿ ಸತ್ತು ಬಿದ್ದಿತು. ಗುರಿ ತಾಗಿದುದಕ್ಕಾಗಿ ಕ್ಷಣಹೊತ್ತು ಹಿಗ್ಗಿದವನಿಗೆ, ತಾಯಿಯಿಲ್ಲದ ಮರಿಗಳು ಹಸಿವಿನಿಂದ ನರಳಿ ಸಾಯುವುವೆಂಬ ಅರಿವು ಬಂದೊಡನೆ ಮೈ ಜುಮ್ಮೆಂದಿತು. ಮರವನ್ನು ಹತ್ತಿ, ಹಾಗೆ ನರಳುವುದಕ್ಕಿಂತ ಇದೇ ಮೇಲೆಂದು ಆ ಮರಿಗಳನ್ನೂ ತನ್ನ ಕೈಯಿಂದಲೇ ಕೊಂದನು. ಆ ಬಾಲಕನನ್ನು ಯಾರೂ ಗದರಿಸಲಿಲ್ಲ, ಯಾವ ಶಾಸನವೂ ಆತನನ್ನು ಹಿಡಿಯಲಿಲ್ಲ. ಒಳಗಿನದೊಂದು ಶಕ್ತಿಯೇ ಆತನನ್ನು ಹಿಡಿದು ನಿಲ್ಲಿಸಿ ವಿಚಾರಿಸಿತು.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ವುಲ್ಮನ್ ಮೌಂಟ್ ಹಾಲಿ ಎಂಬ ಊರಿನ ವರ್ತಕನೊಬ್ಬನಲ್ಲಿ ಅಂಗಡಿ ನೋಡಿಕೊಂಡು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಒಂದು ದಿನ ಆ ಯಜಮಾನನು ತನ್ನಲ್ಲಿದ್ದ ನೀಗ್ರೋ ಹೆಂಗಸೊಬ್ಬಳನ್ನು ಮಾರಿ, ಕೊಂಡವನು ಕಾದಿರುವನೆಂದು ಹೇಳಿ, ಕ್ರಯಪತ್ರವನ್ನು ಬರೆದುಕೊಡೆಂದು ಇವನಿಗೆ ಆಜ್ಞಾಪಿಸಿದನು. ಕೊಂಡವನು ತನ್ನದೇ ಪಂಥದ ವೃದ್ಧ. ಬರೆಯಹೇಳಿದವನು ಅನ್ನ ಕೊಡುವ ಧಣಿ. ವುಲ್ಮನ್ ಬರೆದನು. ಆದರೆ ಬರೆಯುವಾಗ ಹೃದಯದ ಸಂಕಟವನ್ನು ತಡೆಯಲಾರದೆ, ಮನುಷ್ಯರನ್ನು ದಾಸರನ್ನಾಗಿ ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದತಕ್ಕ ಆಚಾರವಲ್ಲವೆಂದು ಆ ಇಬ್ಬರ ಎದುರಿಗೂ ನುಡಿದನು. ಇನ್ನೊಮ್ಮೆ ಅಂಥದೇ ಪತ್ರವನ್ನು ಬರೆಯಲು ಬೇರೊಬ್ಬನು ಕೇಳಿಕೊಂಡಾಗ ಬರೆಯಲಾರೆನೆಂದನು. ಮೊದಲ ಪತ್ರಕ್ಕೂ ಎರಡನೆಯದಕ್ಕೂ ನಡುವಣ ಅಂತರದಲ್ಲಿಯೇ ನಾನು ಹೇಳಬಯಸುವ ಅಂತಃಪರಿವರ್ತನದ ಸ್ವರೂಪವೆಲ್ಲ ಅಡಗಿದೆ. ಅದು ಒಮ್ಮೆಗೇ ಆಗುವ ದಿವ್ಯದರ್ಶನವಲ್ಲ. ಸೋತ ಕೈ ಮುಂದಿನ ಸಲ ಲೇಖನಿಯನ್ನು ಕೆಳಗಿಡುವುದು.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಪೆಟ್ಟುಬಿದ್ದು ಹಾಸಿಗೆ ಹಿಡಿದ ನೆರೆಯವನೊಬ್ಬನು, ಆ ಕಾಲದ ಚಿಕಿತ್ಸಾಪದ್ಧತಿಯಂತೆ ರಕ್ತ ತೆಗೆಯಲು ವುಲ್ಮನ್‌ನನ್ನು ಕರೆಸಿಕೊಂಡನು; ಅದಾದ ಮೇಲೆ ತನ್ನ ಉಯಿಲನ್ನೂ ಬರೆದುಕೊಡೆಂದು ಕೇಳಿ, ತನ್ನ ಮಕ್ಕಳಲ್ಲಿ ಇಂಥವರಿಗೆ ಗುಲಾಮಳಾದ ಹುಡುಗಿಯು ಸೇರಬೇಕೆಂದು ಹೇಳಿದನು. ವುಲ್ಮನ್ ಉಯಿಲನ್ನೆಲ್ಲ ಬರೆದು, ಆ ಹುಡುಗಿಯ ವಿಷಯವೊಂದನ್ನು ಮಾತ್ರ ಬಿಟ್ಟು, ರೋಗಿಯ ಮಂಚದ ಬಳಿ ಕುಳಿತು ಓದಿ ಹೇಳಿದನು. ಮನುಷ್ಯರನ್ನು ದಾಸ್ಯಕ್ಕೆ ಗುರಿಮಾಡುವ ಬರಹವನ್ನು ತಾನು ಬರೆಯಲಾರೆನೆಂದೂ, ಬರೆದಷ್ಟಕ್ಕೆ ಏನೂ ಕೊಡಬೇಕಾಗಿಲ್ಲವೆಂದೂ ಸ್ನೇಹದಿಂದ ತಿಳಿಸಿದನು. ಇಬ್ಬರೂ ಗಂಭೀರವಾಗಿ ಮಾತನಾಡಿದರು. ಕಡೆಗೆ ರೋಗಿಯು ಆಕೆಯನ್ನು ಬಿಡುಗಡೆ ಮಾಡಲು ಒಪ್ಪಿದನು, ಉಯಿಲು ಪೂರ್ತಿಯಾಯಿತು. ಇಲ್ಲಿ ಧಿಕ್ಕಾರವಿಲ್ಲ, ನರಕದ ಬೆದರಿಕೆಯಿಲ್ಲ. ತಪ್ಪು ಮಾಡುತ್ತಿರುವವನ ನೋವಿಗೆ ಮೊದಲು ಔಷಧೋಪಚಾರ ಮಾಡಿ, ಆಮೇಲೆ ಆತನ ತಪ್ಪಿನಲ್ಲಿ ಪಾಲುಗೊಳ್ಳಲು ಒಲ್ಲೆನೆನ್ನುವ ಈ ಕ್ರಮದಲ್ಲಿ ಪ್ರೀತಿಯೂ ಸತ್ಯವೂ ಒಂದನ್ನೊಂದು ಬಿಟ್ಟುಕೊಟ್ಟಿಲ್ಲ.

ಈ ಪ್ರೀತಿಯು ಪರರಿಗೆ ಬುದ್ಧಿ ಹೇಳುವುದರಲ್ಲಿಯೇ ಮುಗಿಯಲಿಲ್ಲ. ಸ್ವಂತ ಅಂಗಡಿಯು ಚೆನ್ನಾಗಿ ಬೆಳೆಯುತ್ತಿದ್ದುದನ್ನು ಕಂಡು, ಹೆಚ್ಚಿದ ವ್ಯಾಪಾರವು ಮನಸ್ಸನ್ನು ನುಂಗುವುದೆಂದು ಬಗೆದು, ವುಲ್ಮನ್ ಅದನ್ನು ಬೇಕೆಂದೇ ಕುಗ್ಗಿಸಿ, ದರ್ಜಿಯ ಕಸುಬಿನಿಂದಲೂ ಸೇಬಿನ ತೋಟದಿಂದಲೂ ಜೀವನ ಸಾಗಿಸಿದನು. ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸುವಾಗ ಗುಲಾಮರ ಸೇವೆಯಿಂದ ನಡೆಯುವ ಮನೆಗಳಲ್ಲಿ ಉಚಿತವಾಗಿ ಉಣ್ಣುವುದು ಅವರ ದುಡಿಮೆಯನ್ನು ಕದ್ದಂತೆಯೇ ಸರಿಯೆಂದು ತೋರಿ, ಸಣ್ಣ ಬೆಳ್ಳಿಯ ನಾಣ್ಯಗಳನ್ನು ಜೊತೆಯಲ್ಲಿಟ್ಟುಕೊಂಡು ಆ ಸೇವಕರಿಗೆ ಸಲ್ಲುವಂತೆ ಕೊಡುತ್ತಿದ್ದನು. ಮೇರಿಲ್ಯಾಂಡಿನಲ್ಲಿ ಗುಲಾಮರ ಬದುಕಿನ ಕಷ್ಟವನ್ನು ತಾನೂ ಕೊಂಚ ಅನುಭವಿಸಿ ಅರಿಯಬೇಕೆಂದು ಕುದುರೆಯನ್ನು ಬಿಟ್ಟು ನಡೆದೇ ಹೋದನು. ಬಣ್ಣ ಹಾಕಿದ ಬಟ್ಟೆ ಕೊಳೆಯನ್ನು ಮರೆಮಾಚುತ್ತದೆಂದು ಬಣ್ಣವಿಲ್ಲದುದನ್ನೇ ಉಟ್ಟನು. ಇಂಥವುಗಳಲ್ಲಿ ಕೆಲವು ಅತಿಯೆಂದು ಕಾಣಬಹುದು. ಆತನ ಸ್ನೇಹಿತರಿಗೂ ಹಾಗೆ ಕಂಡುದುಂಟು. ಆದರೆ ಅಂತಃಕರಣವು ಮಾರ್ಪಟ್ಟಿತೆಂದು ಹೇಳಿಕೊಳ್ಳುವವನ ಮಾತಿಗೆ ಸಾಕ್ಷಿಯು ಆತನ ಕಣ್ಣೀರಲ್ಲ, ಆತನ ಲೆಕ್ಕದ ಪುಸ್ತಕ. ಹಣ ಎಲ್ಲಿಂದ ಬರುತ್ತಿದೆ, ಯಾರ ಬೆವರು ಅದರಲ್ಲಿ ಬೆರೆತಿದೆ ಎಂಬ ಪ್ರಶ್ನೆಯವರೆಗೆ ಹೋಗದ ಭಕ್ತಿಯು ಇನ್ನೂ ಹೊಸಿಲನ್ನು ದಾಟಿಲ್ಲ.

ಇಷ್ಟು ಹಿನ್ನೆಲೆಯಿಟ್ಟುಕೊಂಡು 1758ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಕ್ವೇಕರರ ವಾರ್ಷಿಕ ಸಭೆಯನ್ನು ನೋಡಬೇಕು. ಸದಸ್ಯರಲ್ಲಿ ಗುಲಾಮರನ್ನಿಟ್ಟುಕೊಂಡವರು ಅನೇಕರಿದ್ದರು. ಪ್ರಶ್ನೆಯು ಚರ್ಚೆಗೆ ಬಂದಾಗ ಆ ಪದ್ಧತಿಯನ್ನು ಬಹಿರಂಗವಾಗಿ ಸಮರ್ಥಿಸುವ ಧೈರ್ಯ ಯಾರಿಗೂ ಇರಲಿಲ್ಲ. ಬದಲಿಗೆ ಕೆಲವರು ಹೇಳಿದ ಮಾತು ಬಹು ನಯವಾದದ್ದು: ಸಹೋದರರ ಮನಸ್ಸಿಗೆ ನೋವಾಗುವಂಥ ಕ್ರಮವನ್ನು ಕೈಕೊಳ್ಳುವುದು ಬೇಡ, ತಾಳ್ಮೆಯಿಂದ ಇರೋಣ, ಪ್ರಭುವೇ ಮುಂದೊಂದು ಕಾಲದಲ್ಲಿ ಈ ಜನರ ಬಿಡುಗಡೆಗೆ ಮಾರ್ಗ ತೆರೆದಾನು. ಎಷ್ಟು ವಿನಯ, ಎಷ್ಟು ದೈವಭಕ್ತಿ! ಆದರೆ ವುಲ್ಮನ್‌ಗೆ ಆ ವಿನಯದ ಒಳಗಿರುವುದು ಕಂಡಿತು. ಆತನು ಎದ್ದು ನಿಂತು, ದಾಸ್ಯದಲ್ಲಿರುವವರ ಕೂಗು ಈಗಾಗಲೇ ಪರಾತ್ಪರನ ಕಿವಿಯನ್ನು ಮುಟ್ಟಿದೆಯೆಂದೂ, ಇದು ತಡಮಾಡುವ ಕಾಲವಲ್ಲವೆಂದೂ, ಸ್ವಾರ್ಥಕ್ಕಾಗಿಯೋ ದಾಕ್ಷಿಣ್ಯಕ್ಕಾಗಿಯೋ ನಮ್ಮ ಕರ್ತವ್ಯವನ್ನು ಬಿಟ್ಟು ಯಾವುದೋ ಅಸಾಧಾರಣ ಉಪಾಯದಿಂದ ಅವರ ಬಿಡುಗಡೆಯಾಗಲೆಂದು ಕಾಯುತ್ತ ಕುಳಿತರೆ, ದೇವರು ಭಯಂಕರವಾದ ರೀತಿಯಲ್ಲಿ ನಮಗೆ ಉತ್ತರಕೊಟ್ಟಾನೆಂದೂ ಹೇಳಿದನು. ಸಭೆಯ ಮನಸ್ಸು ತಿರುಗಿತು. ಗುಲಾಮರನ್ನಿಟ್ಟುಕೊಂಡ ಸದಸ್ಯರ ಮನೆಗಳಿಗೆ ಹೋಗಿ ಅವರೊಡನೆ ಮಾತನಾಡತಕ್ಕದ್ದೆಂದು ನಿರ್ಣಯವಾಯಿತು. ಆ ಕೆಲಸಕ್ಕೆ ಒಪ್ಪಿಕೊಂಡ ಕೆಲವರಲ್ಲಿ ವುಲ್ಮನ್ ಒಬ್ಬನು. ಮುಂದಿನ ವರ್ಷಗಳಲ್ಲಿ ಆತನು ಮನೆಯಿಂದ ಮನೆಗೆ ಹೋದನು. ಒಲ್ಲದ ಮುಖಗಳ ಎದುರಿಗೆ ಹೋಗಿ ಕುಳಿತುಕೊಳ್ಳುವುದು ಆತನಿಗೆ ಸುಲಭವಾಗಿರಲಿಲ್ಲವೆಂಬುದಕ್ಕೆ ದಿನಚರಿಯೇ ಪ್ರಮಾಣ.

ಇಲ್ಲಿ ವಿಚಾರವಂತರು ಎತ್ತಬಹುದಾದ ಆಕ್ಷೇಪಗಳಿಗೆ ಉತ್ತರ ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಮನುಷ್ಯನು ತನ್ನನ್ನು ತಾನೇ ಉದ್ಧರಿಸಿಕೊಳ್ಳಬಲ್ಲನೆಂಬುದು ಪೆಲೇಜಿಯಸನ ವಾದ, ಅದನ್ನು ಅಗಸ್ಟಿನನು ಐದನೆಯ ಶತಮಾನದಲ್ಲಿಯೇ ಖಂಡಿಸಿದನು, ರಕ್ಷಣೆಯು ಕೃಪೆಯಿಂದಲೇ ಹೊರತು ಪ್ರಯತ್ನದಿಂದಲ್ಲ ಎಂದು ದೈವಶಾಸ್ತ್ರಜ್ಞರು ಹೇಳಿಯಾರು. ಒಪ್ಪುತ್ತೇನೆ. ಆದರೆ ಕೃಪೆಯು ಎಲ್ಲಿಗೆ ಬರುತ್ತದೆ? ಪೌಲನಿಗೆ ಅದು ಮೋಡಗಳ ಮೇಲಣ ವಿಸ್ಮಯವಾಗಿ ಮಾತ್ರ ಉಳಿಯಲಿಲ್ಲ. ತನ್ನೊಳಗೆ ಕ್ರಿಸ್ತನೇ ಜೀವಿಸತೊಡಗಿದನೆಂಬ ಅನುಭವವಾಗಿ ಬಂದಿತು, ಆ ಅನುಭವವು ಆತನನ್ನು ಊರೂರು ಅಲೆಸಿತು. ವುಲ್ಮನ್ ಸಹ ತನ್ನ ಒಳ್ಳೆಯತನವನ್ನು ನಂಬಿ ನಡೆದವನಲ್ಲ. ಒಳಗಿನ ಬೆಳಕಿಗೆ ಕಿವಿಗೊಟ್ಟು ಮೌನವಾಗಿ ಕುಳಿತುಕೊಳ್ಳುವುದೇ ಆತನ ಪಂಥದ ಆರಾಧನೆ. ಮೌನವಾಗಿ ಕುಳಿತು ಅನುಗ್ರಹಕ್ಕಾಗಿ ಕಾಯುವುದು ಬೇರೆ, ಕರ್ತವ್ಯವನ್ನು ಮುಂದೂಡಲು ಕಾಯುವುದು ಬೇರೆ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆಯಾದುದರಿಂದಲೇ ಭ್ರಾಂತಿಗೆ ಅವಕಾಶ.

ಎರಡನೆಯ ಆಕ್ಷೇಪವು ಇದಕ್ಕಿಂತ ಭಾರವಾದದ್ದು. ಅಂತಃಪರಿವರ್ತನದ ಉಪದೇಶವು ದುರ್ಬಲರ ಬಾಯಿ ಮುಚ್ಚಿಸಲು ಬಲಿಷ್ಠರಿಗೆ ದೊರೆತ ಸಾಧನವಲ್ಲವೆ? ಅಮೆರಿಕದ ತೋಟಗಳ ಒಡೆಯರು ಗುಲಾಮರಿಗೆ ವಿಧೇಯತೆಯ ವಾಕ್ಯಗಳನ್ನೇ ಆರಿಸಿ ಬೋಧಿಸಿದ್ದುದು ಚರಿತ್ರೆ. ಸಂಕೋಲೆಯಲ್ಲಿರುವವನಿಗೆ ನಿನ್ನ ಮನಸ್ಸನ್ನು ಶುದ್ಧಮಾಡಿಕೋ, ಹೊರಗಿನ ಬಿಡುಗಡೆಯನ್ನು ಬಯಸಬೇಡ ಎಂದು ಹೇಳುವವನು ಕ್ರಿಸ್ತನ ಹೆಸರನ್ನೆತ್ತಲು ಅಯೋಗ್ಯನು. ಬಿಡುಗಡೆಗಾಗಿ ಗುಲಾಮನು ಓಡಿಹೋದರೆ ಅದು ಆತನ ನ್ಯಾಯವಾದ ಹಕ್ಕು. ಒಳಗನ್ನು ಮಾರ್ಪಡಿಸಿಕೊಳ್ಳತಕ್ಕದ್ದೆಂಬ ಆಜ್ಞೆಯು ಮೊದಲು ಅನ್ವಯಿಸುವುದು ಚಾವಟಿಯಿರುವ ಕೈಗೆ, ಆಮೇಲೆ ಆ ಚಾವಟಿಯಿಂದ ಬಂದ ಸಕ್ಕರೆಯನ್ನು ತಿನ್ನುವ ಬಾಯಿಗೆ. ವುಲ್ಮನ್ ಗುಲಾಮರಿಗೆ ಸಹನೆಯನ್ನು ಬೋಧಿಸಲು ಹೊರಟವನಲ್ಲ, ಒಡೆಯರ ಮನೆಬಾಗಿಲಿಗೆ ಹೋದವನು. ವೆಸ್ಟ್ ಇಂಡೀಸಿನ ಗುಲಾಮರ ಬೆವರಿನಿಂದ ಬರುವ ಸಕ್ಕರೆಯನ್ನೂ ಕಡೆಗೆ ಬಿಟ್ಟವನು.

ಇನ್ನು ಮೂರನೆಯದು: ಹೃದಯಗಳು ಒಂದೊಂದಾಗಿ ಮಾರ್ಪಡುವವರೆಗೆ ಕಾಯಲು ಸಾಧ್ಯವೆ, ಕಾನೂನು ಬೇಡವೆ ಎಂಬುದು. ಕಾನೂನು ಬೇಕೇ ಬೇಕು. ದಕ್ಷಿಣದ ಒಡೆಯರು ಮನಸ್ಸು ಮಾಡಲಿಲ್ಲ. ವುಲ್ಮನ್ ಎಚ್ಚರಿಸಿದ ಭಯಂಕರವಾದ ಉತ್ತರವು 1861ರಲ್ಲಿ ಆರಂಭವಾದ ಅಂತರ್ಯುದ್ಧವಾಗಿ ಬಂದು, ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಮಿಕ್ಕ ಯೋಧರ ಪ್ರಾಣವನ್ನು ತೆಗೆದುಕೊಂಡಿತು. ಆದರೆ ಹೊರಗಿನಿಂದ ಬಂದ ಆ ಬಿಡುಗಡೆಯನ್ನು ಹೃದಯಗಳು ಒಪ್ಪಿಕೊಳ್ಳದಿದ್ದುದರಿಂದ ಏನಾಯಿತೆಂಬುದೂ ನಮಗೆ ತಿಳಿದಿದೆ: ಸಂಕೋಲೆ ಹೋದ ಕಡೆ ಪ್ರತ್ಯೇಕತೆಯ ಶಾಸನಗಳು ಬಂದುವು. ಶಾಸನವು ಕೈಯನ್ನು ತಡೆಯಬಲ್ಲುದು, ಕೈಚಾಚಿಸಲಾರದು. ಕ್ವೇಕರರ ಪರಿವರ್ತನವೂ ಪರಿಪೂರ್ಣವಾಗಿತ್ತೆಂದು ನಾನು ಹೇಳುವುದಿಲ್ಲ. ಗುಲಾಮರನ್ನು ಬಿಟ್ಟ ಸಭೆಗಳಲ್ಲಿಯೂ ಕರಿಯರಿಗೆ ಬೇರೆ ಬೆಂಚುಗಳಿದ್ದುವು, ಸದಸ್ಯತ್ವವು ಅವರಿಗೆ ದುರ್ಲಭವಾಗಿತ್ತು. ಅಲ್ಲಿ ಪ್ರೀತಿಯು ಅರ್ಧ ದಾರಿಯಲ್ಲಿ ದಣಿದು ನಿಂತಿತು. ಅದರ ಹೊಣೆಯನ್ನು ಪ್ರೀತಿಯ ಮೇಲೆ ಹೊರಿಸಲಾಗದು, ನಿಂತವರ ಮೇಲೆಯೇ ಹೊರಿಸಬೇಕು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಅಂತಃಪರಿವರ್ತನವೆಂದರೆ ಒಬ್ಬೊಬ್ಬನೂ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಸಾಧಿಸತಕ್ಕ ಏಕಾಂತಸಿದ್ಧಿಯೆಂಬ ಕಲ್ಪನೆ ವುಲ್ಮನ್‌ನ ಚರಿತ್ರೆಯಿಂದ ಬಿದ್ದುಹೋಗುತ್ತದೆ. ಆತನ ಒಳಗಿನ ಸಂಕಟವು ಸಭೆಯ ಮುಂದೆ ಬಂದು, ಚರ್ಚೆಗೊಳಗಾಗಿ, ನಿರ್ಣಯವಾಗಿ, ನಿರ್ಣಯವು ಮನೆಮನೆಯ ಭೇಟಿಯಾಗಿ, ಭೇಟಿಯು ಇನ್ನೊಬ್ಬರ ಒಳಗಿನ ಸಂಕಟವಾಗಿ ಹರಡಿತು. ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸಿದಂತೆ ಅದು ಹಬ್ಬಿತು. ಈ ಪರಂಪರೆ ನಮ್ಮ ದೇಶವನ್ನೂ ಮುಟ್ಟದೆ ಇಲ್ಲ. ಟಾಲ್‌ಸ್ಟಾಯ್ 1894ರಲ್ಲಿ ಪ್ರಕಟಿಸಿದ, ದೇವರ ರಾಜ್ಯವು ಅಂತರಂಗದಲ್ಲಿದೆಯೆಂಬ ಅರ್ಥದ ಹೆಸರುಳ್ಳ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಅಮೆರಿಕದ ಕ್ವೇಕರರ ಪ್ರಸ್ತಾಪವಿದೆ. ಆ ಗ್ರಂಥವನ್ನು ದಕ್ಷಿಣ ಆಫ್ರಿಕದಲ್ಲಿ ಓದಿದ ಗಾಂಧೀಜಿಯವರು ಅದು ತಮ್ಮ ಮೇಲೆ ಮಾಡಿದ ಪ್ರಭಾವವನ್ನು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ವುಲ್ಮನ್‌ನ ಕೊನೆಯ ಪಯಣವು 1772ರಲ್ಲಿ ಇಂಗ್ಲೆಂಡಿಗೆ. ಹಡಗಿನಲ್ಲಿ ಅಲಂಕೃತವಾದ ಕೋಣೆಯನ್ನು ಬಿಟ್ಟು, ನಾವಿಕರ ನಡುವೆ ಕೆಳ ಅಂತಸ್ತಿನ ಇಕ್ಕಟ್ಟಿನಲ್ಲಿ ಮಲಗಿ ಹೋದನು. ಅಂಚೆಗಾಡಿಗಳ ಕುದುರೆಗಳನ್ನು ಸಾಯುವಂತೆ ಓಡಿಸುವರೆಂದೂ ಗಾಡಿಯ ಹುಡುಗರು ಚಳಿಯಲ್ಲಿ ನರಳುವರೆಂದೂ ಕೇಳಿ, ಗಾಡಿಯನ್ನು ಹತ್ತದೆ ಲಂಡನ್ನಿನಿಂದ ಉತ್ತರಕ್ಕೆ ನಡೆದನು. ಯಾರ್ಕ್ ನಗರದಲ್ಲಿ ಸಿಡುಬು ತಗುಲಿ ಅಕ್ಟೋಬರ್ 7ರಂದು ತೀರಿಕೊಂಡನು. ಆತನ ದಿನಚರಿ 1774ರಲ್ಲಿ ಅಚ್ಚಾಯಿತು. 1776ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆಯು, ಬುದ್ಧಿ ಹೇಳಿದ ಮೇಲೆಯೂ ಗುಲಾಮರನ್ನು ಬಿಡದವರು ತಮ್ಮ ಸಮಾಜದವರಲ್ಲವೆಂದು ವಿಧಿಸಿತು. ಆತನು ಹುಟ್ಟಿ ಬೆಳೆದ ನ್ಯೂ ಜೆರ್ಸಿಯಲ್ಲಿ ಉಳಿದಿದ್ದ ಕಡೆಯ ಗುಲಾಮರಿಗೆ ಶಾಸನದಿಂದ ಬಿಡುಗಡೆ ದೊರೆಯಲು, ಅಂತರ್ಯುದ್ಧವೂ ಮುಗಿದು, ಸಂವಿಧಾನಕ್ಕೆ ಹದಿಮೂರನೆಯ ತಿದ್ದುಪಡಿಯಾಗಿ, 1865ನೆಯ ಇಸವಿಯ ಕೊನೆಯವರೆಗೆ ಕಾಯಬೇಕಾಯಿತು.